ಸ್ಟ್ರಾಬೆರಿಗೆ ಕಚ್ಚಾ ಹೊಲಿಗೆ

ನಮ್ಮ ಮಾವನವರ ಕೊರಳಲ್ಲಿ ಸದಾ ಒಂದು ಕತ್ತರಿ ನೇತಾಡುತ್ತಿರುತ್ತದೆ. ದಾರ ಕತ್ತರಿಸುವ ಪುಟ್ಟ ಕತ್ತರಿ, ಅದಕ್ಕೊಂದು ಕಪ್ಪು ಲಾಡಿ. ಸ್ನಾನಕ್ಕೆ ಹೋಗುವಾಗ ಅದನ್ನು ಬಚ್ಚಲಿನ ಚಿಲಕಕ್ಕೆ ಸಿಕ್ಕಿಸುತ್ತಾರೆ. ಹೊರಗೆ ಬಂದವರೇ ಮೊದಲು ಕತ್ತರಿ ಹಾಕಿಕೊಂಡು ಆಮೇಲೆ ಬನಿಯನ್ನು ಹುಡುಕುತ್ತಾರೆ.

ಒಂದು ಕಾಲಕ್ಕೆ ಅವರು ಹೆಸರಾಂತ ಕಟಿಂಗ್ ಮಾಸ್ಟರು. ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ದೊಡ್ಡ ಕತ್ತರಿ ಎತ್ತಿದರೆ ಅಂಗಡಿಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲವಂತೆ. ಈಗ ಕಣ್ಣು ಮಂಜು. ದೊಡ್ಡ ಕತ್ತರಿ ಮಗನ ಕೈಗೆ ಹೋಯಿತು, ಹೊಲಿಗೆ ಯಂತ್ರ ನನ್ನ ಕಾಲಿಗೆ ಬಂತು, ಅವರ ಪಾಲಿಗೆ ಉಳಿದದ್ದು ಸಿದ್ಧವಾದ ಬಟ್ಟೆಯಲ್ಲಿ ನೇತಾಡುವ ದಾರ ತೆಗೆಯುವ ಕೆಲಸ. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು.

ಬೆರಳು ಸಾಕು, ಸರಿ. ಆದರೆ ಆ ಬೆರಳಿಗೆ ಬಿಡುವು ಅನ್ನುವುದು ಗೊತ್ತಿಲ್ಲ. ಅಂಚೆಯವನ ತೋಳಿನ ದಾರ, ಹಾಲಿನವನ ಟೋಪಿಯ ದಾರ, ಮಾತಾಡಿಸಲು ಬಂದ ನೆಂಟರ ಸೆರಗಿನ ಕುಚ್ಚು, ಎಲ್ಲಕ್ಕೂ ಕಚಕ್. ಪಕ್ಕದ ಮನೆಯ ಬೆಕ್ಕಿಗೆ ಇವತ್ತಿಗೂ ಎಡಗಡೆ ಮೀಸೆ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಾವೂ ಸುಮ್ಮನಿದ್ದೆವು. ಆದರೆ ಬ್ಯಾಂಕಿನ ಮ್ಯಾನೇಜರು ಪ್ಯಾಂಟಿನ ಅಳತೆ ಕೊಡುತ್ತ, ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನಲ್ಲಿ ತಮ್ಮ ಮೇಲಧಿಕಾರಿಯ ಹತ್ತಿರ ಮಾತಾಡುತ್ತಿದ್ದರು ನೋಡಿ, ಆ ವೈರು ಮಾವನವರ ಬೆರಳಿಗೆ ತಗಲಿತು. ಮ್ಯಾನೇಜರು ಆಮೇಲೂ ಸ್ವಲ್ಪ ಹೊತ್ತು "ಹಲೋ ಸರ್, ಹಲೋ ಸರ್" ಅನ್ನುತ್ತಲೇ ಇದ್ದರು.

ಅವತ್ತು ನನ್ನ ಗಂಡ ಕೂಗಾಡಿಬಿಟ್ಟರು. "ಅಪ್ಪಾ, ಇನ್ನೊಂದೇ ಒಂದು ಸಲ ಏನಾದ್ರೂ ತಪ್ಪು ಕತ್ತರಿಸಿದ್ರೆ ಈ ಕತ್ತರಿ ಟ್ರಂಕಿಗೆ ಹೋಗುತ್ತೆ. ಹೇಳಿಬಿಟ್ಟಿದ್ದೀನಿ."

ಮಾವ ಕತ್ತರಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡರು, ಅಷ್ಟೇ. ಅದೊಂದೂ ಹೋದರೆ ಆ ಮನುಷ್ಯ ಬೆಳಗಾದರೆ ಯಾಕೆ ಏಳಬೇಕು?

ಇದು ಒಂದು ಕಡೆಯ ಕಥೆ. ಇನ್ನೊಂದು ಕಡೆಯದು ಅಂಗಳದ್ದು.

ನಮ್ಮದು ಬಾಡಿಗೆ ಮನೆ. ಮುಂದೆ ಅಂಗಡಿ, ಹಿಂದೆ ವಾಸ, ಮಹಡಿಯ ಮೇಲೆ ಮನೆಯ ಯಜಮಾನರು. ಅವರು ಟೈಲ್ಸ್ ಅಂಗಡಿ ಇಟ್ಟು, ವಯಸ್ಸಾಯಿತೆಂದು ಮುಚ್ಚಿ, ಮಿಕ್ಕ ಸರಕನ್ನೆಲ್ಲ ಮೆಟ್ಟಿಲಡಿ ಪೇರಿಸಿಟ್ಟವರು. ಅಂದಿನಿಂದ ಅಲ್ಲಾಡದೆ ನಿಂತದ್ದಕ್ಕೆಲ್ಲ ಟೈಲ್ಸು ಅಂಟಿಸುವುದೇ ಅವರ ಕಸುಬು. ಕಾಂಪೌಂಡಿಗೆ ಅಂಟಿಸಿದರು. ನೀರಿನ ತೊಟ್ಟಿಗೆ ಅಂಟಿಸಿದರು. ಅಂಚೆ ಡಬ್ಬಿಗೂ ಅಂಟಿಸಿ ಅದರ ಬಾಯಿ ಮುಚ್ಚಿಹೋಗಿ, ಈಗ ಕಾಗದಗಳು ಗೇಟಿನ ಕೆಳಗೆ ಬರುತ್ತವೆ. ಉಳಿದದ್ದು ಗೇಟಿಗೂ ನಮ್ಮ ಅಂಗಡಿಯ ಬಾಗಿಲಿಗೂ ನಡುವಿನ ಮಣ್ಣಿನ ಅಂಗಳ ಒಂದೇ. ಮೆಟ್ಟಿಲಡಿ ಉಳಿದ ಟೈಲ್ಸಾದರೂ ಎಂಥವು? ಬಚ್ಚಲುಮನೆಯವು. ನೀಲಿ ಹಿನ್ನೆಲೆ, ಅದರಲ್ಲಿ ಬಾಯಿ ತೆರೆದು ನಗುವ ಕಿತ್ತಳೆ ಬಣ್ಣದ ಮೀನು.

"ಮಳೆ ಬಂದ್ರೆ ಕೆಸರು, ಬಿಸಿಲು ಬಂದ್ರೆ ಧೂಳು. ಯಾತಕ್ಕಮ್ಮ ಬೇಕು ಈ ಮಣ್ಣು? ಮೀನು ಹಾಕಿಸ್ತೀನಿ, ತಣ್ಣಗಿರುತ್ತೆ" ಅಂತ ಅವರು ದಾರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕವನ್ನು ಏರಿಸಿ ನೆಲ ನೋಡುವರು. ನನ್ನ ಗಂಡನೂ ಅವರ ಪಕ್ಷವೇ. ಗಿರಾಕಿಗಳ ಕಾಲಿನ ಕೆಸರು ಬಿಳಿ ಬಟ್ಟೆಗೆ ತಾಗುತ್ತದೆ ಅಂತ ಅವರ ಗೋಳು.

ನಾನು ಇಡೀ ದಿನ ಯಂತ್ರ ತುಳಿಯುವವಳು. ಸಂಜೆ ಚಪ್ಪಲಿ ಬಿಟ್ಟು ಆ ಮಣ್ಣಿನ ಮೇಲೆ ನಿಂತರೆ ತಂಪು ಮೊಣಕಾಲಿನವರೆಗೂ ಏರುತ್ತದೆ. ನನ್ನದು ಅಂತ ಇರುವ ಸುಖ ಅದೊಂದೇ. ಅದರ ಮೇಲೆ ಮೀನು ನಗುವುದನ್ನು ನಾನು ಸಹಿಸಲಾರೆ. ಬಂದ ಗಿರಾಕಿಗಳು ಬಚ್ಚಲಿಗೆ ಬಂದೆವೇನೋ ಅಂದುಕೊಂಡು ಟವೆಲ್ಲು ಕೇಳಿಯಾರು!

"ಮಣ್ಣು ಕಾಣ್ಬಾರ್ದು, ಅಷ್ಟೇ ತಾನೇ ಯಜಮಾನ್ರೇ? ಕಾಣದ ಹಾಗೆ ಮಾಡಿದ್ರೆ ಆಯ್ತಲ್ವಾ?" ಅಂದೆ.

"ಬರೋ ಮಳೆಗಾಲ ಮುಗಿಯೋದ್ರೊಳಗೆ ಅಂಗೈಯಗಲ ಮಣ್ಣೂ ನನ್ನ ಕಣ್ಣಿಗೆ ಬೀಳ್ಬಾರ್ದು. ಬಿದ್ರೆ ಮೀನು" ಅಂದರು.

ಹೇಗೆ ಮುಚ್ಚುವುದು ಅಂತ ತಲೆ ಕೆಡಿಸಿಕೊಂಡಿದ್ದಾಗ ದಾರಿ ತೋರಿಸಿದವನು ಕಾಡಿನ ಗಾರ್ಡು. ಮುಳ್ಳಿಗೆ ಸಿಕ್ಕಿ ಹರಿದ ಪ್ಯಾಂಟಿಗೆ ತೇಪೆ ಹಾಕಿಸಲು ಅವನು ನಮ್ಮಲ್ಲಿಗೇ ಬರುವುದು. "ಅಕ್ಕ, ಹುಲ್ಲು ಗಿಲ್ಲು ಯಾಕೆ? ನಮ್ಮ ಕಾಡಂಚಲ್ಲೇ ಬೆಳೆಯೋ ಸ್ಟ್ರಾಬೆರಿ ಇದೆ. ಪೇಟೆ ಹಣ್ಣಿನ ಥರ ಅಲ್ಲ, ಕಿರುಬೆರಳ ತುದಿಯಷ್ಟು. ಆದ್ರೆ ಒಂದು ಹಣ್ಣಿನ ಘಮ ಇಡೀ ಬುಟ್ಟಿಗೆ ಸಮ. ಇಲ್ಲಿನ ಮಣ್ಣು, ಇಲ್ಲಿನ ಚಳಿ ಅದಕ್ಕೆ ಹುಟ್ಟಿನಿಂದ ಗೊತ್ತು. ನೆಟ್ಟು ಬಿಡಿ, ತಾನೇ ಹರಡಿ ನೆಲಕ್ಕೆ ಹೊದಿಕೆ ಆಗುತ್ತೆ. ಆಗಾಗ ಕಾಲಿಟ್ರೂ ಏನಾಗಲ್ಲ" ಅಂದ. ಮುಂದಿನ ಸಲ ಇಲಾಖೆಯ ನರ್ಸರಿಯಿಂದ ಗಿಡಗಳನ್ನೂ ತಂದುಕೊಟ್ಟ.

"ನೆಲಕ್ಕೂ ಬಟ್ಟೆನಾ?" ಅಂತ ಅಂಗಡಿ ಬಾಗಿಲ ಬಳಿಯ ತಮ್ಮ ಕುರ್ಚಿಯಿಂದ ಮಾವ ಕೇಳಿದರು. "ಅಳತೆ ಯಾರು ತಗೋತಾರೆ?"

ನೆಟ್ಟೆ. ಮೂರು ಮೂರು ಎಲೆಯ ಪುಟ್ಟ ಗಿಡಗಳು, ಅಂಚೆಲ್ಲ ಗರಗಸದ ಹಲ್ಲು. ಬೇಸಿಗೆಯ ಹೊತ್ತಿಗೆ ಬಿಳಿ ಹೂ ಬಿಟ್ಟವು, ಹಣ್ಣೂ ಆದವು. ಮೊದಲ ಹಣ್ಣು ಬಾಯಿಗಿಟ್ಟಾಗ ನಾನು ಯಂತ್ರದ ಮುಂದೆ ಕೂತವಳು ಹಾಗೇ ಕಣ್ಣು ಮುಚ್ಚಿದೆ. ಶರಟಿನ ಕಾಲರು ತಿರುಗಾಮುರುಗ ಹೊಲಿದುಹೋಯಿತು.

ಎಲ್ಲ ಸರಿ, ಹರಡಬೇಕಲ್ಲ? ಗಿಡಗಳು ತಿಂದು ಕೊಬ್ಬಿದ ಮಕ್ಕಳ ಹಾಗೆ ಕೂತಲ್ಲೇ ಗುಂಡಗಾದವೇ ಹೊರತು ಒಂದು ಗೇಣು ಆಚೆ ಹೋಗಲಿಲ್ಲ. ನಡುವೆಲ್ಲ ಬೋಳು ಮಣ್ಣು. ಬಸವನಹುಳದ ಮೇಲೆ ಅನುಮಾನಪಟ್ಟೆ. ಗುಬ್ಬಚ್ಚಿಗಳನ್ನು ಬೈದೆ. ಅರ್ಧ ಮೀಸೆಯ ಬೆಕ್ಕು ಸೇಡು ತೀರಿಸಿಕೊಳ್ಳುತ್ತಿದೆಯೇನೋ ಅಂತ ಅದರ ಹಿಂದೆಯೂ ಓಡಿದೆ. ಯಜಮಾನರು ದಿನವೂ ಮಹಡಿಯಿಂದ ಬಗ್ಗಿ, "ಮಣ್ಣು ಚೆನ್ನಾಗಿ ಕಾಣ್ತಿದೆಯಮ್ಮ" ಅಂತ ಹಾರೈಸುವರು.

ಪಾಪ, ಮಾವ ಮಾತ್ರ ನನ್ನ ಕಡೆ ಇದ್ದರು. ಬೆಳಿಗ್ಗೆ ನಾನು ಒಲೆಯ ಮುಂದಿರುವಾಗ ಅವರು ಅಂಗಳಕ್ಕಿಳಿದು ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಕಳೆ ಕೀಳುತ್ತಿದ್ದಾರೆ, ಈ ವಯಸ್ಸಲ್ಲೂ ಎಷ್ಟು ಅಕ್ಕರೆ ಅಂದುಕೊಂಡು ಅವರ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದೆ.

ಮಳೆ ಶುರುವಾಗುವ ಹೊತ್ತಿಗೆ ಗಾರ್ಡು ಮತ್ತೊಂದು ಹರಿದ ಪ್ಯಾಂಟು ಹೊತ್ತು ಬಂದ. ಗೇಟಿನಲ್ಲೇ ನಿಂತುಬಿಟ್ಟ.

"ಗಿಡ ಏನೋ ಚೆನ್ನಾಗಿದೆ ಅಕ್ಕ. ಬಳ್ಳಿ ಎಲ್ಲಿ?"

"ಯಾವ ಬಳ್ಳಿ?"

"ಕೆಂಪಗೆ, ಸಣ್ಣಗೆ, ದಾರದ ಥರ ಹೊರಡುತ್ತಲ್ಲ? ಅದರ ತುದೀಲೇ ಮರಿ ಗಿಡ ಆಗೋದು. ಮರಿ ಬೇರು ಬಿಟ್ಟು, ಅದರಿಂದ ಇನ್ನೊಂದು ದಾರ, ಇನ್ನೊಂದು ಮರಿ. ಹಾಗೇ ಅಲ್ವಾ ಇದು ನೆಲ ಹಿಡಿಯೋದು?"

"ಓ, ದಾರಾನಾ?" ಮಾವನವರ ಮುಖ ಕುರ್ಚಿಯಲ್ಲೇ ಅರಳಿತು. "ಅದನ್ನ ನಾನು ದಿನಾ ಬೆಳಿಗ್ಗೆ ತೆಗೀತೀನಪ್ಪ. ಒಂದೂ ಬಿಟ್ಟಿಲ್ಲ. ಬೇಕಾದ್ರೆ ಕೈಯಾಡಿಸಿ ನೋಡು, ಫಿನಿಶಿಂಗ್ ಹೇಗಿದೆ ಅಂತ!"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಗುಬ್ಬಚ್ಚಿಗಳಿಗೆ ಅಂದ ಮಾತೆಲ್ಲ ನೆನಪಾಯಿತು.

ಒಳಗಿನಿಂದ ನನ್ನ ಗಂಡನ ದನಿ ಬಂತು. "ಅಪ್ಪ ಏನೋ ತೆಗೀತೀನಿ ಅಂತಿದ್ದಾರಲ್ಲ, ಏನನ್ನ?"

"ಕಳೆ!" ಅಂತ ಕಿರುಚಿದೆ. "ಮಾವ ಕಳೆ ತೆಗೀತಾರೆ! ನೀವು ಕಾಜ ಮುಗಿಸಿ!"

ಗಾರ್ಡನ ಕೈಯಿಂದ ಪ್ಯಾಂಟು ಕಸಿದುಕೊಂಡು ಅವನನ್ನು ಗೇಟಿನಾಚೆ ತಳ್ಳಿಕೊಂಡು ಹೋದೆ. ಅವನಿಗೆ ತಲೆಬುಡ ಅರ್ಥವಾಗದಿದ್ದರೂ ಒಂದು ಒಳ್ಳೆಯ ಮಾತು ಹೇಳಿದ. "ಈಗ್ಲಾದ್ರೂ ಕತ್ತರಿಸದೆ ಬಿಟ್ರೆ ಈ ಮಳೇಲೇ ಹಿಡಿಯುತ್ತೆ ಅಕ್ಕ. ಆದ್ರೆ ಬಿಡ್ಬೇಕು."

ಬಿಡಬೇಕಾದವರಿಗೆ ಹೇಳುವುದು ಹೇಗೆ? ಹೇಳಿದರೆ ಗಂಡನ ಕಿವಿಗೆ ಬೀಳುತ್ತದೆ, ಕತ್ತರಿ ಟ್ರಂಕಿಗೆ ಹೋಗುತ್ತದೆ. ಹೇಳದಿದ್ದರೆ ಮೀನು. ಅತ್ತ ದರಿ, ಇತ್ತ ಪುಲಿ. ಮೊದಲು ಉಪಾಯ ಮಾಡಿ ನೋಡಿದೆ. "ಅಂಗಳ ಜಾರುತ್ತೆ ಮಾವ, ಇಳೀಬೇಡಿ" ಅಂದೆ, ಕೊಡೆಯೂರಿಕೊಂಡು ಇಳಿದರು. ಬೆಳಗಾಗುತ್ತಲೇ ಪ್ಯಾಂಟುಗಳ ರಾಶಿಯನ್ನು ಅವರ ತೊಡೆಯ ಮೇಲೆ ಸುರಿದೆ, ಚಹಾ ಆರುವುದರೊಳಗೆ ದಾರವೆಲ್ಲ ತೆಗೆದು, "ಇಷ್ಟೇನಾ? ಹೊರಗಡೆ ಕೆಲಸ ಬಾಕಿ ಇದೆ" ಅಂತ ಎದ್ದರು. ನನಗೆ ಎಂಥ ಸಿಟ್ಟು ಬಂತೆಂದರೆ, ಅವರ ಚಹಾಕ್ಕೆ ಸಕ್ಕರೆಯನ್ನೇ ಹಾಕಲಿಲ್ಲ.

ಮಾರನೆಯ ದಿನ ಪ್ಯಾಂಟುಗಳ ರಾಶಿಯಲ್ಲಿ ಅಪ್ಪಿತಪ್ಪಿ ಒಂದು ಕೋಟು ಸೇರಿಹೋಗಿತ್ತು. ಇನ್ನೂ ಯಂತ್ರಕ್ಕೆ ಹೋಗದ ಕೋಟು. ತೋಳನ್ನು ಕೈಯಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ತಾತ್ಕಾಲಿಕವಾಗಿ ನಿಲ್ಲಿಸಿದ್ದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಕಚ್ಚಾ ಹೊಲಿಗೆ ಅನ್ನುತ್ತೇವೆ. ಅಯ್ಯೋ, ಕತ್ತರಿಸಿಬಿಟ್ಟರು ಅಂತ ನಾನು ಧಾವಿಸುವಷ್ಟರಲ್ಲಿ ಮಾವನವರ ಬೆರಳು ಆ ದಾರದ ಮೇಲೆ ಹರಿದು ತಾನಾಗಿ ನಿಂತಿತು.

"ಇದು ಕಚ್ಚಾ" ಅಂದರು. "ಪಕ್ಕಾ ಹೊಲಿಗೆ ಬೀಳೋವರೆಗೆ ಇದನ್ನ ಮುಟ್ಬಾರ್ದು. ತಗೊಂಡು ಹೋಗು."

ನಾನು ಕೋಟು ತೆಗೆದುಕೊಳ್ಳಲಿಲ್ಲ. ಅವರ ಕಾಲ ಬಳಿ ನೆಲದ ಮೇಲೆ ಕೂತೆ. ಗಂಡ ಗುಂಡಿ ತರಲು ಪೇಟೆಗೆ ಹೋಗಿದ್ದರು.

"ಮಾವ, ಅಂಗಳದಲ್ಲಿ ಇರೋದೂ ಕಚ್ಚಾ ಹೊಲಿಗೇನೇ."

"ಯಾವುದು?"

"ಆ ಕೆಂಪು ದಾರ. ಗಿಡ ತನ್ನ ಮರೀನ ನೆಲಕ್ಕೆ ಅದರಲ್ಲೇ ಹೊಲಿಯೋದು. ಮರಿ ಬೇರು ಬಿಟ್ಟ ಮೇಲೇ ಅದು ಪಕ್ಕಾ. ಅಲ್ಲೀವರೆಗೆ..."

ಮುಂದೆ ಹೇಳಬೇಕಾಗಲಿಲ್ಲ. ಮಾವ ಕೋಟಿನ ದಾರದ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು. "ಅಂದ್ರೆ ಬೇಸಿಗೆಯೆಲ್ಲ ನಾನು ಕಚ್ಚಾ ಹೊಲಿಗೆ ಕತ್ತರಿಸ್ತಿದ್ನಾ?" ಅಂದರು. ಐವತ್ತು ವರ್ಷ ಕತ್ತರಿ ಹಿಡಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಲಾಡಿಯನ್ನು ತಲೆಯ ಮೇಲಿಂದ ಎತ್ತಿ ಕತ್ತರಿ ನನ್ನ ಕಡೆ ಚಾಚಿದರು. "ಅವನು ಹೇಳಿದ್ದೇ ಸರಿ. ಟ್ರಂಕಲ್ಲಿ ಇಟ್ಟುಬಿಡು."

"ಟ್ರಂಕಲ್ಲಿ ಇಟ್ರೆ ಪಕ್ಕಾ ಆದ ಮೇಲೆ ದಾರ ತೆಗೆಯೋರು ಯಾರು? ನನಗೆ ಬರುತ್ತಾ ಆ ಫಿನಿಶಿಂಗು?" ಅಂದೆ.

ಅವರು ಯೋಚಿಸಿದರು. "ಹಾಗಾದ್ರೆ ಪಕ್ಕಾ ಆಗೋವರೆಗೆ ಗೂಟದಲ್ಲಿರ್ಲಿ. ನನ್ನ ಕೊರಳಲ್ಲಿದ್ರೆ ನನಗೇ ನಂಬಿಕೆ ಇಲ್ಲ."

ಗೂಟಕ್ಕೆ ಹೋಯಿತು. "ಅಪ್ಪನ ಕತ್ತರಿ ಎಲ್ಲಿ?" ಅಂತ ಗಂಡ ಕೇಳಿದಾಗ, "ಲಾಡಿ ಒಗೆದು ಒಣಗಿಸ್ತಿದ್ದೀನಿ" ಅಂದೆ. ವಾರ ಕಳೆದು ಮತ್ತೆ ಕೇಳಿದರು. "ಮಳೆಗಾಲ, ಒಣಗ್ತಿಲ್ಲ" ಅಂದೆ. ಗಂಡಸರಿಗೆ ಒಗೆಯುವ ವಿಷಯದಲ್ಲಿ ಏನು ಹೇಳಿದರೂ ನಡೆಯುತ್ತದೆ.

ಆಮೇಲೆ ಮಾವನವರನ್ನು ಹಿಡಿಯುವವರೇ ಇಲ್ಲ. ತಪ್ಪು ಮಾಡಿದ ಮಾಸ್ಟರು ಬಟ್ಟೆ ಬಿಚ್ಚಿ ಮತ್ತೆ ಹೊಲಿಯುವ ಹಟದಲ್ಲಿ ಅಂಗಳಕ್ಕಿಳಿದರು. ಕೊರಳಿಗೆ ಕತ್ತರಿಯ ಬದಲು ಅಳತೆ ಟೇಪು. ಹೊಸ ದಾರ ಹೊರಟಲ್ಲೆಲ್ಲ ಅದರ ತುದಿಯ ಮರಿಯನ್ನು ಬೋಳು ಮಣ್ಣಿನ ಕಡೆ ತಿರುಗಿಸಿ, ನನ್ನ ಹೇರ್‌ಪಿನ್ನಿನಿಂದ ನೆಲಕ್ಕೆ ಚುಚ್ಚಿ ನಿಲ್ಲಿಸುವರು. "ಇಲ್ಲಿಂದ ಇಲ್ಲಿಗೆ ಒಂದು ತೋಳು. ಈ ಗೇಟಿನ ಹತ್ರ ಕಂಕುಳು, ಸ್ವಲ್ಪ ಬಿಗಿ ಬರುತ್ತೆ, ಎರಡು ಮರಿ ಜಾಸ್ತಿ ಬಿಡು" ಅನ್ನುವರು. ನನ್ನ ಪಿನ್ನೆಲ್ಲ ಮುಗಿದು ಕೂದಲು ಕೆದರಿಕೊಂಡು ಹೊಲಿಯಲು ಕೂತೆ. ಅಳತೆ ಕೊಡಲು ಬಂದ ಹೆಂಗಸರು ಕುರ್ಚಿಯ ಪಕ್ಕ ಹಾದರೆ ಮಾವ ಕೈಚಾಚಿ, "ತಾಯಿ, ಒಂದು ಹೇರ್‌ಪಿನ್ ಇದ್ಯಾ?" ಅಂತ ಕೇಳುವರು. ನಮ್ಮ ಅಂಗಡಿಗೆ ಜಡೆ ಹಾಕಿಕೊಂಡು ಬಂದವರು ಜಡೆ ಬಿಚ್ಚಿಕೊಂಡು ಹೋದರು.

ಮಳೆ ಸುರಿಯಿತು, ದಾರ ಓಡಿತು. ಮರಿ, ಮರಿಯ ಮರಿ ಎಲ್ಲ ಕೈ ಕೈ ಹಿಡಿದುಕೊಂಡು ಕೂತವು. ನಡುವೆ ಎರಡನೇ ಸಲ ಹೂ ಬಿಟ್ಟು ಅಲ್ಲಲ್ಲಿ ಹಣ್ಣೂ ಕೆಂಪಾದವು. ಮಾವ ಮಾತ್ರ ಕೂತಾಗಲೆಲ್ಲ ಎದೆಯ ಮೇಲೆ ಕತ್ತರಿ ತಡಕಿ, ಇಲ್ಲದ್ದು ನೆನಪಾಗಿ, ಕೈ ಕೆಳಗಿಳಿಸುತ್ತಿದ್ದರು. ನಾನು ಆ ಕಡೆ ನೋಡುತ್ತಿರಲಿಲ್ಲ.

ಮಳೆ ನಿಂತ ಬೆಳಿಗ್ಗೆ ಯಜಮಾನರು ಕೆಳಗಿಳಿದು ಬಂದರು. ಹಿಂದೆ ಕರಣೆ, ಸಿಮೆಂಟಿನ ಬಾಂಡಲಿ ಹಿಡಿದ ಗಾರೆಯವನು. ಅವನ ಕಂಕುಳಲ್ಲಿ ನಗುತ್ತಿರುವ ಮೀನು. ಯಜಮಾನರು ಕನ್ನಡಕ ಏರಿಸಿ ಅಂಗಳವನ್ನು ಈ ಮೂಲೆಯಿಂದ ಆ ಮೂಲೆಗೆ ನೋಡಿದರು. ಹಸಿರು ಬಿಟ್ಟರೆ ಬೇರೇನೂ ಇಲ್ಲ. ಮುಖ ಸಪ್ಪಗಾಯಿತು. ಆಮೇಲೆ ಒಂದು ಬಳ್ಳಿ ಅವರ ಚಪ್ಪಲಿಗೆ ತೊಡರಿಕೊಂಡಿತು, ಮುಖ ಮತ್ತೆ ಬೆಳಗಿತು.

"ಮಣ್ಣೇನೋ ಕಾಣ್ತಿಲ್ಲ. ಆದ್ರೆ ಈ ದಾರಗಳೇನಮ್ಮ? ಯಾರಾದ್ರೂ ಎಡವಿ ಬಿದ್ದು ಸೊಂಟ ಮುರ್ಕೊಂಡ್ರೆ? ಇದಕ್ಕಿಂತ ಮೀನೇ ವಾಸಿ. ಏಯ್, ಸಿಮೆಂಟು ಕಲಸಯ್ಯ."

ನಾನು ಒಳಗೆ ಹೋಗಿ ಗೂಟದಿಂದ ಕತ್ತರಿ ತಂದೆ. ಎಲ್ಲರೆದುರೇ ಮಾವನವರ ಕೊರಳಿಗೆ ಹಾಕಿದೆ. "ಪಕ್ಕಾ ಆಗಿದೆ ಮಾವ. ದಾರ ತೆಗೀರಿ."

ಸದ್ದು ಕೇಳಿ ಹೊರಗೆ ಬಂದ ನನ್ನ ಗಂಡ, ಅಪ್ಪನ ಕೈಯಲ್ಲಿ ಕತ್ತರಿ, ಎದುರಿಗೆ ಮನೆಯ ಯಜಮಾನರು, ಇಬ್ಬರನ್ನೂ ಒಟ್ಟಿಗೆ ನೋಡಿ ಬಿಳಿಚಿಕೊಂಡರು.

ಮಾವ ಮಂಡಿಯೂರಿ ಕೂತರು. ಬೆರಳಿಗೆ ಒಂದು ದಾರ ಸಿಕ್ಕರೆ ಅದರ ತುದಿಯವರೆಗೆ ಹೋಗಿ ಮರಿಯನ್ನು ಮೆಲ್ಲಗೆ ಎಳೆದು ನೋಡುವರು. ಗಟ್ಟಿಯಾಗಿ ಹಿಡಿದಿದ್ದರೆ ಕಚಕ್. ಅಲ್ಲಾಡಿದರೆ, "ಇದು ಇನ್ನೂ ಕಚ್ಚಾ" ಅಂತ ಬಿಟ್ಟು ಮುಂದಕ್ಕೆ. ಒಂದೂ ತಪ್ಪಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಸಿಮೆಂಟಿನ ಬಾಂಡಲಿಗೇ ಒದೆಯಬೇಕು ಅನ್ನಿಸಿತು.

ಯಜಮಾನರಿಗೆ ತಡೆಯಲಿಲ್ಲ. ಎಲ್ಲಾದರೂ ಒಂದು ಅಂಗೈ ಮಣ್ಣು ಸಿಕ್ಕೀತೆಂದು ಬಗ್ಗಿ ಎಲೆಗಳನ್ನು ಸರಿಸಿ ಹುಡುಕತೊಡಗಿದರು. ಹಾಗೆ ಬಗ್ಗಿದಾಗ ಅವರ ಕನ್ನಡಕದ ದಾರ ಜೋತುಬಿದ್ದು ಸೀದಾ ಮಾವನವರ ಬೆರಳಿಗೆ ಬಂತು. ಮಾವ ಮೆಲ್ಲಗೆ ಎಳೆದು ನೋಡಿದರು. ಗಟ್ಟಿಯಾಗಿ ಹಿಡಿದಿತ್ತು. ಹಿಡಿಯದೆ ಏನು, ಯಜಮಾನರ ಕುತ್ತಿಗೆಗಿತ್ತಲ್ಲ.

ಕಚಕ್.

ಕನ್ನಡಕ ಯಜಮಾನರ ಮೂಗಿನಿಂದ ಜಾರಿ ಹಸಿರಿನೊಳಗೆ ಬಿತ್ತು. ಬಿದ್ದದ್ದು ಬಿದ್ದಂತೆ ಮಾಯ. "ಅಯ್ಯಯ್ಯೋ, ನನ್ನ ಕನ್ನಡಕ!" ಅಂತ ಅವರು ನಾಲ್ಕು ಕಾಲಲ್ಲಿ ಕೂತು ತಡಕಾಡಿದರು. ಗಾರೆಯವನೂ ಮೀನು ಕೆಳಗಿಟ್ಟು ತಡಕಾಡಿದ. ಎಲೆಯ ಕೆಳಗೆ ಎಲೆ, ಅದರ ಕೆಳಗೆ ಇನ್ನೊಂದು ಎಲೆ. ತಡಕಾಡುತ್ತಿದ್ದ ಯಜಮಾನರ ಕೈಗೆ ಏನೋ ಮೆತ್ತಗೆ ಸಿಕ್ಕಿತು. ಕಣ್ಣಿಗೆ ಕಾಣದ್ದರಿಂದ ಮೂಸಿ ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡರು. ಒಂದು ಕ್ಷಣ ಅಲ್ಲಾಡಲಿಲ್ಲ. ಅವರಿಗೇ ಯಾರಾದರೂ ಟೈಲ್ಸು ಅಂಟಿಸಬಹುದಿತ್ತು.

ಇತ್ತ ಮಾವನವರಿಗೆ ಏನಾಯಿತೆಂದು ಅರ್ಥವಾಗಿತ್ತು. ಎದ್ದು ನಿಂತು, ಮಗ ಇರುವ ಕಡೆ ಅಂದಾಜಿನಲ್ಲಿ ತಿರುಗಿ, ಕೊರಳಿಂದ ಕತ್ತರಿ ತೆಗೆದರು.

"ತಗೊಳ್ಳಪ್ಪ. ತಪ್ಪಾಯ್ತು. ಇದೊಂದೇ ಅಲ್ಲ, ಬೇಸಿಗೆಯೆಲ್ಲ ಈ ಗಿಡದ ಕಚ್ಚಾ ಹೊಲಿಗೇನ ಕತ್ತರಿಸಿ ಹಾಕಿದ್ದೀನಿ. ನಿನ್ನ ಹೆಂಡತಿ ನನ್ನ ಮಾನ ಮುಚ್ಚೋಕೆ ಲಾಡಿ ಒಗೀತಿದ್ದೀನಿ ಅಂದ್ಲು. ಟ್ರಂಕಿಗೆ ಹಾಕು."

ಗಂಡ ಆ ಚಾಚಿದ ಕೈಯನ್ನು ನೋಡಿದರು. ಹಸಿರು ನೆಲವನ್ನು, ನೆಲದಲ್ಲಿ ಅಲ್ಲಲ್ಲಿ ಮಿನುಗುತ್ತಿದ್ದ ಹೇರ್‌ಪಿನ್ನುಗಳನ್ನು ನೋಡಿದರು. ನನ್ನ ಕೆದರಿದ ಕೂದಲನ್ನು ಈಗ ಮೊದಲ ಸಲ ನೋಡಿದವರ ಹಾಗೆ ನೋಡಿದರು. ಹಾಗೇ ತಿರುಗಿ ಒಳಗೆ ಹೋಗಿಬಿಟ್ಟರು.

ಟ್ರಂಕಿನ ಬೀಗದ ಕೈ ತರಲು ಹೋದರು ಅಂದುಕೊಂಡೆ. ಮಾವನೂ ಹಾಗೇ ಅಂದುಕೊಂಡಿರಬೇಕು, ಚಾಚಿದ ಕೈ ಚಾಚಿದಂತೆಯೇ ಇತ್ತು. "ಕನ್ನಡಕವೇ ಕಳೆದುಹೋಗೋಷ್ಟು ದಟ್ಟ ಅಂದ್ಮೇಲೆ ಇನ್ನೆಲ್ಲಿಯ ಮಣ್ಣು?" ಅಂತ ಯಜಮಾನರು ನೆಲಮಟ್ಟದಿಂದ ತೀರ್ಪು ಕೊಟ್ಟರು. "ಏಯ್, ಆ ಸಿಮೆಂಟು ಹಿತ್ತಿಲಿಗೆ ಒಯ್ಯಯ್ಯ, ಬಟ್ಟೆ ಒಗೆಯೋ ಕಲ್ಲಿಗೆ ಅಂಟಿಸೋಣ. ನಾನಿಲ್ಲಿ ಇನ್ನೂ ಸ್ವಲ್ಪ ಹುಡುಕ್ತೀನಿ." ಗಲ್ಲದ ಮೇಲೆ ಕೆಂಪು ರಸ ಇಳಿದಿತ್ತು. ಕನ್ನಡಕ ಆಗಲೇ ನನ್ನ ಸೆರಗಿನ ಗಂಟಿನಲ್ಲಿತ್ತು. ಹುಡುಕಲಿ ಬಿಡಿ, ಪಾಪ, ಅಂತ ಸುಮ್ಮನಿದ್ದೆ.

ಗಂಡ ಹೊರಗೆ ಬಂದರು. ಕೈಯಲ್ಲಿ ಬೀಗದ ಕೈ ಇರಲಿಲ್ಲ, ಹೊಸ ಕೋಟು ಇತ್ತು. ಬ್ಯಾಂಕಿನ ಮ್ಯಾನೇಜರದ್ದು, ಅವತ್ತೇ ಕೊಡಬೇಕಾದದ್ದು. ಅಪ್ಪನನ್ನು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಕೋಟನ್ನು ತೊಡೆಯ ಮೇಲೆ ಹರಡಿದರು.

"ಅಪ್ಪ, ಇದರ ದಾರ ಸ್ವಲ್ಪ ನೋಡ್ತೀರಾ? ನನ್ನ ಕೈಗೆ ಆ ಫಿನಿಶಿಂಗ್ ಬರ್ತಿಲ್ಲ."

ಮಾವ ಲಾಡಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ಕೋಟಿನ ತೋಳಿನ ಮೇಲೆ ಬೆರಳು ಇಟ್ಟರು, ಎತ್ತಿದರು, ಮಗನ ಕಡೆ ಮುಖ ತಿರುಗಿಸಿದರು.

"ಮೊದ್ಲು ಹೇಳಿಬಿಡಪ್ಪ, ಇದರಲ್ಲಿ ಕಚ್ಚಾ ಏನಾದ್ರೂ ಇದ್ಯಾ?"